ಹೆಸರುಳ್ಳ ಪ್ರಾಣಿಯ ಮುಖ

ನಾಯಿಯೊಂದರ ಚಿತ್ರವನ್ನು ಬರೆಯುವುದು ಒಂದು ಕೆಲಸ. ಒಬ್ಬರ ಮನೆಯ ನಾಯಿಯ ಚಿತ್ರವನ್ನು, ಅವರೇ ಬಂದು ಕೇಳಿ ಮುಂಗಡವನ್ನೂ ಕೊಟ್ಟುಹೋದ ಮೇಲೆ, ಬರೆದುಕೊಡುವುದು ಅದಕ್ಕಿಂತ ತೀರ ಬೇರೆಯಾದ ಇನ್ನೊಂದು ಕೆಲಸ. ಮೊದಲನೆಯದರಲ್ಲಿ ಚಿತ್ರಕಾರನು ತನ್ನ ಕಣ್ಣಿಗೆ ಮಾತ್ರ ಲೆಕ್ಕ ಒಪ್ಪಿಸಬೇಕಾದವನು. ನೋಡಿದವರು ನಾಯಿಯೆಂದು ಗುರುತಿಸಿ, ರೇಖೆ ಬಣ್ಣಗಳ ಹದವನ್ನು ಮೆಚ್ಚಿಕೊಂಡರೆ ಅವನ ಶ್ರಮ ಸಾರ್ಥಕವಾಯಿತು. ಎರಡನೆಯದರಲ್ಲಿ ತೀರ್ಪು ಹೇಳುವವರು ಬೇರೆ. ಅವರು ಚಿತ್ರಕಲೆಯ ಗಂಧವನ್ನೂ ಅರಿಯದವರಾಗಿರಬಹುದು. ಆದರೂ, ಸುತ್ತಿದ ಕಾಗದವನ್ನು ಬಿಚ್ಚಿ, ಚಿತ್ರವನ್ನು ಕೈಯಳತೆಯ ದೂರದಲ್ಲಿ ಹಿಡಿದು, ಕ್ಷಣಕಾಲ ಸುಮ್ಮನಿದ್ದು, ‘ನಾಯಿ ಬಹಳ ಚೆನ್ನಾಗಿ ಬಂದಿದೆ ಸಾರ್, ಆದರೆ ಇದು ನಮ್ಮ ಕರಿಯ ಅಲ್ಲ’ ಎಂದು ಅವರು ಹೇಳಿಬಿಟ್ಟರೆ, ಆ ತೀರ್ಪಿನ ಮೇಲೆ ಮೇಲ್ಮನವಿ ಸಲ್ಲಿಸುವುದಕ್ಕೆ ಯಾವ ನ್ಯಾಯಾಲಯವೂ ಇಲ್ಲ.

ಎಲ್ಲಿ ತಪ್ಪಿತು ಎಂದು ಕೇಳಿದರೆ ಅವರಿಂದ ಹೇಳಲಾಗದು. ಮೂತಿಯ ಉದ್ದ ಸರಿಯಾಗಿದೆ, ಎದೆಯ ಮೇಲಣ ಬಿಳಿಯ ಮಚ್ಚೆ ಇದ್ದಲ್ಲೇ ಇದೆ, ಮಡಿಸಿದ ಎಡಗಿವಿ ಮಡಿಸಿದಂತೆಯೇ ಇದೆ. ಆದರೂ ಹತ್ತು ವರ್ಷ ಹಗಲಿರುಳು ಆ ಮುಖವನ್ನು ನೋಡಿದ ಕಣ್ಣಿಗೆ ಏನೋ ಒಂದು ಕೊರತೆ ತಟ್ಟನೆ ಕಾಣುವುದು. ನಮ್ಮಂಥ ದಾರಿಹೋಕರಿಗೆ ಒಂದು ತಳಿಯ ನಾಯಿಗಳೆಲ್ಲ ಒಂದೇ. ಅಂಚೆ ಇಲಾಖೆಯವರು 2005ರಲ್ಲಿ ಭಾರತದ ನಾಲ್ಕು ನಾಯಿತಳಿಗಳ ಅಂಚೆಚೀಟಿಗಳನ್ನು ಹೊರಡಿಸಿದಾಗ ನಮ್ಮ ಮುಧೋಳ ನಾಯಿಗೂ ಅದರಲ್ಲಿ ಸ್ಥಾನ ದೊರೆಯಿತು. ಆ ಚೀಟಿಯ ಮೇಲಿರುವುದು ಮುಧೋಳ ತಳಿಯ ಲಕ್ಷಣ, ಸಣ್ಣ ನಡು, ನೀಳವಾದ ಕಾಲು, ಚೂಪಾದ ಮೂತಿ. ಹೆಮ್ಮೆಪಡುವುದಕ್ಕೆ ಅಷ್ಟು ಸಾಕು. ಆದರೆ ಬಾಗಲಕೋಟೆಯ ಕಡೆಯ ಯಾವನೋ ರೈತನು ತನ್ನ ಹಟ್ಟಿಯ ಮುಧೋಳ ನಾಯಿಯ ಚಿತ್ರ ಬೇಕೆಂದು ಬಂದರೆ ಆ ಚೀಟಿಯನ್ನು ದೊಡ್ಡದು ಮಾಡಿ ಕೊಟ್ಟು ಅವನನ್ನು ಸಮಾಧಾನಪಡಿಸಲಾಗದು. ಕುಲದಿಂದ ವ್ಯಕ್ತಿಯನ್ನು ಬೇರ್ಪಡಿಸಿ ತೋರಿಸುವುದು, ಹೆಸರಿಟ್ಟು ಕರೆದರೆ ಓಗೊಡುವ ಪ್ರಾಣಿಯೊಂದಕ್ಕೆ ಅದರದೇ ಆದ ಮುಖವನ್ನು ಕೊಡುವುದು, ಇದೇ ಈ ವೃತ್ತಿಯ ಸಾರಸರ್ವಸ್ವ.

ಮೆಚ್ಚಿನ ಪ್ರಾಣಿಯ ಸ್ಮರಣೆಗೆಂದು ಒಂದು ರೂಪವನ್ನು ಮಾಡಿಸಿ ನಿಲ್ಲಿಸುವ ಆಸೆ ಹೊಸದಲ್ಲ. ಕನ್ನಡಿಗರಿಗಂತೂ ಹೊಸದಲ್ಲವೇ ಅಲ್ಲ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಶಿಲೆಯೊಂದುಂಟು. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನೂ ಗಂಗರ ಬೂತುಗನೂ ಚೋಳರನ್ನು ಮುರಿದ ಕಾಲ, ಎಂದರೆ ಕ್ರಿಸ್ತಶಕ 949-50ರ ಕಾಲ, ಆ ಶಿಲೆಯ ಕಾಲ. ಯುದ್ಧದಲ್ಲಿ ಪರಾಕ್ರಮವನ್ನು ತೋರಿದ ಮಣಲೆರನೆಂಬ ವೀರನು, ಮೆಚ್ಚಿದೆನು ಬೇಡಿಕೋ ಎಂದು ಒಡೆಯನು ಹೇಳಿದಾಗ, ಊರನ್ನು ಕೇಳಲಿಲ್ಲ, ಹೊನ್ನನ್ನು ಕೇಳಲಿಲ್ಲ. ಕಾಳಿಯೆಂಬ ಬೇಟೆನಾಯಿಯನ್ನು ಕೇಳಿ ಪಡೆದನು. ಮುಂದೆ ಆ ಕಾಳಿಯು ಭಾರಿ ಹಂದಿಯೊಂದರ ಮೇಲೆ ಬಿದ್ದು ಹೋರಾಡಿ, ಹಂದಿಯೂ ತಾನೂ ಒಟ್ಟಿಗೆ ಸತ್ತಾಗ, ಅವನು ಚಲ್ಲೇಶ್ವರ ದೇಗುಲದ ಮುಂದೆ ಕಲ್ಲನ್ನು ನಿಲ್ಲಿಸಿ, ಪೂಜೆಗೆಂದು ಭೂಮಿಯನ್ನೂ ಬಿಟ್ಟನು. ಆ ಭೂಮಿಯನ್ನು ನೋಡಿಕೊಳ್ಳುವ ಗೊರವನು ಕಲ್ಲಿಗೆ ಪೂಜೆ ಸಲ್ಲಿಸದೆ ಉಂಡರೆ ನಾಯಿ ಮಾಡಿದ ಪಾಪಕ್ಕೆಲ್ಲ ಹೋಗುವನೆಂಬ ಶಾಪವೂ ಬರೆಹದಲ್ಲಿದೆ. ನಾಯಿಗೂ ಹಂದಿಗೂ ನಡೆದ ಕಾಳಗವನ್ನು ಆ ಶಿಲೆಯ ಮೇಲೆ ಕೆತ್ತಿದ್ದಾರೆ. ಕಲ್ಲಿನ ಆ ಆಕೃತಿ ಯಾವ ಬೇಟೆನಾಯಿಯದಾದರೂ ಆಗಬಹುದು. ಅದನ್ನು ಕಾಳಿಯನ್ನಾಗಿ ಮಾಡಿದುದು ಅದರೊಡನೆ ಇರುವ ಅಕ್ಷರಗಳು. ಶಿಲ್ಪಿಗೆ ದಕ್ಕದ ವ್ಯಕ್ತಿತ್ವವನ್ನು ಲಿಪಿಕಾರನು ಕೊಟ್ಟನೆಂದು ಹೇಳಿದರೆ ತಪ್ಪಾಗಲಾರದು.

ಆರೂವರೆ ಶತಮಾನಗಳು ಕಳೆದು ಬಿಜಾಪುರಕ್ಕೆ ಬಂದರೆ ಇದೇ ಆಸೆ ಬಣ್ಣವನ್ನು ತಳೆದು ನಿಲ್ಲುವುದು. 1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲ್‌ಶಾಹನು ಸಂಗೀತದಲ್ಲಿ ಮುಳುಗಿದ್ದ ದೊರೆ. ತನ್ನ ತಂಬೂರಿಗೆ ಮೋತಿಖಾನನೆಂದು ಹೆಸರಿಟ್ಟುಕೊಂಡಿದ್ದ ರಸಿಕ. ಅವನ ಪಟ್ಟದಾನೆ ಆತಶ್‌ಖಾನ್. ‘ಕಿತಾಬ್-ಎ-ನವರಸ್’ ಎಂಬ ತನ್ನ ಗೀತಸಂಗ್ರಹದಲ್ಲಿ ಅವನು ಸರಸ್ವತಿ ಗಣಪತಿಯರನ್ನು ನೆನೆದಂತೆಯೇ ಈ ಆನೆಯನ್ನೂ ನೆನೆದು ಹಾಡಿದ್ದಾನೆ. ಆಸ್ಥಾನದ ಚಿತ್ರಕಾರರು ದೊರೆಯು ಅದರ ಮೇಲೆ ಕುಳಿತಿರುವ ಚಿತ್ರವನ್ನು ಬರೆದರು. ದೊರೆಯ ಚಿತ್ರದಲ್ಲಿ ಆನೆಯು ವಾಹನವಾಗಿ ಬರುವುದು ಸಾಮಾನ್ಯ; ಆ ಆನೆಯ ಹೆಸರು ಇಂದಿಗೂ ಉಳಿದು, ಚಿತ್ರವನ್ನು ಆ ಹೆಸರಿನಿಂದಲೇ ಗುರುತಿಸುವುದು ಅಸಾಮಾನ್ಯ.

ಫ್ರಾನ್ಸಿನ ಅರಸರಲ್ಲಿ ಇದು ಒಂದು ಕ್ರಮವಾದ ಉದ್ಯೋಗವಾಯಿತು. ಹದಿನಾಲ್ಕನೆಯ ಲೂಯಿಯು ಬೇಟೆಗೆ ಹೊರಟಾಗ ದೆಪೋರ್ತನೆಂಬ ಚಿತ್ರಕಾರನು ಕೈಯಲ್ಲಿ ಪುಸ್ತಕವನ್ನು ಹಿಡಿದು ಹಿಂದೆಯೇ ಹೋಗಿ, ನಾಯಿಗಳ ನಿಲುವನ್ನು ಸ್ಥಳದಲ್ಲೇ ಗೀಚಿಕೊಂಡು ಬರುತ್ತಿದ್ದನು. ಅರಸನು ಅವುಗಳಲ್ಲಿ ತನಗೆ ಬೇಕಾದುದನ್ನು ಆರಿಸುವನು. 1702ರಲ್ಲಿ ದೆಪೋರ್ತನು ಬರೆದ ಪಟವೊಂದರಲ್ಲಿ ಬಾನ್, ನಾನ್, ಪಾನ್ ಎಂಬ ಮೂರು ಹೆಣ್ಣುನಾಯಿಗಳಿವೆ. ಒಂದೊಂದರ ಹತ್ತಿರವೂ ಅದರದರ ಹೆಸರನ್ನು ಚಿನ್ನದ ಅಕ್ಷರಗಳಲ್ಲಿ ಬರೆದಿದ್ದಾನೆ. ಅವನ ತರುವಾಯ ಊದ್ರಿಯೆಂಬಾತನು ಹದಿನೈದನೆಯ ಲೂಯಿಯ ನಾಯಿಗಳನ್ನು ಬರೆದನು. ಆತಕೂರಿನ ಶಿಲ್ಪಿಗಿಂತ ಇವರ ಕೈ ಪಳಗಿದ್ದಿತು, ಮೈಯ ಮಚ್ಚೆಗಳನ್ನೂ ಕೊರಳಿನ ಬಾಗನ್ನೂ ಕಂಡಂತೆಯೇ ಬರೆಯಬಲ್ಲವರಾಗಿದ್ದರು. ಆದರೂ ಅಕ್ಷರದ ಆಸರೆಯನ್ನು ದೆಪೋರ್ತನು ಬಿಟ್ಟುಕೊಡಲಿಲ್ಲ.

ಅಕ್ಷರದ ಹಂಗು ಬೇಡವೆಂದವನು ಇಂಗ್ಲೆಂಡಿನ ಜಾರ್ಜ್ ಸ್ಟಬ್ಸ್. ಲಿಂಕನ್‌ಷೈರಿನ ಒಂದು ಹಳ್ಳಿಯ ಮನೆಯಲ್ಲಿ ಹದಿನೆಂಟು ತಿಂಗಳ ಕಾಲ ಸತ್ತ ಕುದುರೆಗಳನ್ನು ಕಪ್ಪಿಯಿಂದ ತೂಗುಹಾಕಿ, ಚರ್ಮವನ್ನು ಸುಲಿದು, ಸ್ನಾಯುವಿನ ಪದರ ಪದರಗಳನ್ನು ಬಿಡಿಸುತ್ತ ಎಲುಬಿನವರೆಗೂ ಹೋಗಿ, ಕಂಡುದನ್ನೆಲ್ಲ ಬರೆದುಕೊಂಡು, 1766ರಲ್ಲಿ ಕುದುರೆಯ ಅಂಗರಚನೆಯ ಗ್ರಂಥವನ್ನು ಹೊರತಂದ ಈ ಮಹಾನುಭಾವನು, ಅದಕ್ಕೂ ಮೊದಲೇ, 1762ರ ಸುಮಾರಿನಲ್ಲಿ, ರಾಕಿಂಗ್‌ಹ್ಯಾಮಿನ ಮಾರ್ಕ್ವಿಸನು ಹೇಳಿ ಬರೆಯಿಸಿದ ‘ವಿಸಲ್‌ಜಾಕೆಟ್’ ಎಂಬ ಕುದುರೆಯ ಚಿತ್ರವನ್ನು ಹೆಚ್ಚುಕಡಿಮೆ ಕುದುರೆಯಷ್ಟೇ ದೊಡ್ಡದಾಗಿ, ಹಿಂದೆ ಗಿಡವಿಲ್ಲ, ಗುಡ್ಡವಿಲ್ಲ, ಸವಾರನಿಲ್ಲ ಎಂಬಂತೆ, ಬರಿಯ ಮಾಸಲು ಹಿನ್ನೆಲೆಯಲ್ಲಿ ಬರೆದನು. ಕುದುರೆಯು ತನ್ನದೇ ಚಿತ್ರವನ್ನು ಕಂಡು ಎದುರಾಳಿಯೆಂದು ಭ್ರಮಿಸಿ ಮೇಲೆ ನುಗ್ಗಿತೆಂಬ ಕಥೆಯೊಂದನ್ನು ಜನ ಹೇಳುವರು. ಕಥೆ ಕಥೆಯಾಗಿಯೇ ಇರಲಿ. ಲಂಡನ್ನಿನ ರಾಷ್ಟ್ರೀಯ ಚಿತ್ರಶಾಲೆಯವರು 1997ರಲ್ಲಿ ಅದನ್ನು ಕೊಂಡದ್ದು ಒಂದು ಕೋಟಿ ಹತ್ತು ಲಕ್ಷ ಪೌಂಡಿಗೆ.

ಆದರೆ ಬೇಟೆಯ ನಾಯಿ, ಪಂದ್ಯದ ಕುದುರೆ, ಯುದ್ಧದ ಆನೆ ಇವೆಲ್ಲ ಒಂದಲ್ಲ ಒಂದು ಕಾರ್ಯಕ್ಕೆ ಒದಗುವ ಪ್ರಾಣಿಗಳು. ಏನೂ ಕೆಲಸವಿಲ್ಲದೆ, ಪ್ರೀತಿಗೆ ಪಾತ್ರವಾಗಿರುವುದೊಂದೇ ಉದ್ಯೋಗವಾದ ಮನೆಯ ಪ್ರಾಣಿಯ ಚಿತ್ರಕ್ಕೆ ಗೌರವದ ಸ್ಥಾನವನ್ನು ತಂದುಕೊಟ್ಟ ಕೀರ್ತಿಯ ದೊಡ್ಡ ಪಾಲು ವಿಕ್ಟೋರಿಯಾ ರಾಣಿಗೂ ಅವಳ ಮೆಚ್ಚಿನ ಚಿತ್ರಕಾರ ಎಡ್ವಿನ್ ಲ್ಯಾಂಡ್‌ಸೀಯರನಿಗೂ ಸಲ್ಲುವುದು. ರಾಣಿಯಾಗುವುದಕ್ಕೆ ಮುಂಚೆ, 1836ರಲ್ಲಿ, ಅವಳ ಹುಟ್ಟುಹಬ್ಬಕ್ಕೆಂದು ತಾಯಿಯು ಡ್ಯಾಷ್ ಎಂಬ ಪುಟ್ಟ ಸ್ಪಾನಿಯಲ್ ನಾಯಿಯ ಚಿತ್ರವನ್ನು ಲ್ಯಾಂಡ್‌ಸೀಯರನಿಂದ ಬರೆಯಿಸಿ ಕೊಟ್ಟಳು. 1838ರ ಜೂನ್ 28ರಂದು ಕಿರೀಟಧಾರಣೆಯ ದೀರ್ಘ ವಿಧಿಗಳನ್ನೆಲ್ಲ ಮುಗಿಸಿ ಅರಮನೆಗೆ ಬಂದ ಹತ್ತೊಂಬತ್ತರ ಆ ಹುಡುಗಿಯು ರಾಜವಸ್ತ್ರಗಳನ್ನು ಕಳಚಿಟ್ಟು ಡ್ಯಾಷನಿಗೆ ಸ್ನಾನಮಾಡಿಸಲು ಓಡಿದಳಂತೆ.

ಮದುವೆಯಾದ ಮೇಲೆ, 1841ರ ಕ್ರಿಸ್‌ಮಸ್ಸಿಗೆ ಗಂಡನಿಗೆ ಏನು ಕೊಡುವುದೆಂಬ ಯೋಚನೆ ಬಂದಾಗ ಅವಳಿಗೆ ಹೊಳೆದುದೂ ಇದೇ. ಆಲ್ಬರ್ಟನು ಜರ್ಮನಿಯಿಂದ ತನ್ನೊಡನೆ ಕರೆತಂದಿದ್ದ, ಇಯೋಸ್ ಎಂಬ ಹೆಸರಿನ, ಮೈಯೆಲ್ಲ ಕಪ್ಪಾಗಿ ಅಲ್ಲಲ್ಲಿ ಬಿಳುಪು ಮೂಡಿದ ಗ್ರೇಹೌಂಡ್ ನಾಯಿಯ ಚಿತ್ರವನ್ನು ಅವನಿಗೆ ತಿಳಿಯದಂತೆ ಬರೆಯಿಸಬೇಕು. ಆ ಚಿತ್ರವನ್ನು ಕೊಂಚ ನಿಂತು ನೋಡತಕ್ಕದ್ದು. ನಾಯಿಯು ಪಕ್ಕಕ್ಕೆ ತಿರುಗಿ, ಕಾಲುಗಳನ್ನು ನೆಟ್ಟು, ಕತ್ತನ್ನು ಮೇಲಕ್ಕೆತ್ತಿ ನಿಂತಿದೆ. ಕಪ್ಪು ರೋಮದ ಮೇಲೆ ಬೆಳಕು ಹೊಳೆಯಾಗಿ ಹರಿದು ಪಕ್ಕೆಲುಬಿನ ಏರಿಳಿತವನ್ನು ತೋರುತ್ತಿದೆ. ಹಿಂದೆ ಕೆಂಪು ವಸ್ತ್ರ ಹಾಸಿದ ಮೇಜು; ಹತ್ತಿರದಲ್ಲಿಯೇ ಒಂದು ಎತ್ತರದ ಟೋಪಿ, ಕೈಗವಸುಗಳು, ಬೆತ್ತ. ಮನುಷ್ಯನು ಎಲ್ಲಿಯೂ ಇಲ್ಲ. ಆದರೆ ಈಗ ಹೊರಡಲಿರುವ ಒಡೆಯನನ್ನೇ ಆ ನಾಯಿ ನೋಡುತ್ತಿದೆಯೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಟೋಪಿ ಕೈಗವಸುಗಳು ಆಲ್ಬರ್ಟನವೇ. ಅವನಿಗೆ ಗೊತ್ತಾಗದಂತೆ ಅವುಗಳನ್ನು ಚಿತ್ರಕಾರನಿಗೆ ಒದಗಿಸಿದ್ದರು. ಹೀಗೆ ಇಯೋಸಿನ ವ್ಯಕ್ತಿತ್ವವು ಅಕ್ಷರದಿಂದಲೂ ಅಲ್ಲ, ಮಚ್ಚೆಯಿಂದ ಮಾತ್ರವೂ ಅಲ್ಲ, ಅದು ಯಾರನ್ನು ಕಾಯುತ್ತಿದೆಯೋ ಅವನ ವಸ್ತುಗಳಿಂದ ನಿಶ್ಚಿತವಾಯಿತು. ಸಾಕುಪ್ರಾಣಿಯ ಭಾವಚಿತ್ರವೆಂಬುದು ವಾಸ್ತವವಾಗಿ ಇಬ್ಬರ ಚಿತ್ರವೆಂದು ಮೊದಲಿಗೆ ಇಷ್ಟು ಸ್ಪಷ್ಟವಾಗಿ ಕಂಡವನು ಲ್ಯಾಂಡ್‌ಸೀಯರನೆಂದೇ ನನ್ನ ಎಣಿಕೆ.

ಅವನಲ್ಲಿ ದೋಷವೂ ಇಲ್ಲದಿಲ್ಲ. ಪ್ರಾಣಿಯ ಕಣ್ಣಿನೊಳಕ್ಕೆ ಮನುಷ್ಯನ ದುಃಖವನ್ನು ತುಂಬುವ ಚಪಲ ಅವನಿಗೆ ಬಿಡದು. ಸತ್ತ ಕುರುಬನ ಶವಪೆಟ್ಟಿಗೆಗೆ ಗದ್ದವನ್ನು ಒತ್ತಿಕೊಂಡು ಕುಳಿತ ನಾಯಿಯ ಚಿತ್ರವನ್ನು 1837ರಲ್ಲಿ ಅವನು ಬರೆದಾಗ ರಸ್ಕಿನ್ನನಂಥ ವಿಮರ್ಶಕನೇ ಅದನ್ನು ಕೊಂಡಾಡಿದನು. ಆದರೆ ಮುಂದಿನ ತಲೆಮಾರಿಗೆ ಆ ಬಗೆಯ ಚಿತ್ರಗಳಲ್ಲಿ ಕಣ್ಣೀರಿನ ತೇವ ಹೆಚ್ಚೆನಿಸಿತು. ಇಂದು ಮನೆಯ ನಾಯಿಯ ಚಿತ್ರ ಬರೆಯುವವರೂ ಇದೇ ಹಳ್ಳಕ್ಕೆ ಬೀಳುತ್ತಾರೆ. ನಾಯಿಯ ಕಣ್ಣಿನಲ್ಲಿ ಬಿಳಿಯ ಭಾಗ ಸಾಮಾನ್ಯವಾಗಿ ಅಷ್ಟಾಗಿ ಕಾಣುವುದಿಲ್ಲ. ಅದನ್ನು ಒಂದೆರಡು ಕೂದಲೆಳೆಯಷ್ಟು ಹೆಚ್ಚಾಗಿ ತೋರಿಸಿದರೆ ಸಾಕು, ನಾಯಿಯ ಮುಖದಿಂದ ಯಾರೋ ಚಿಕ್ಕಪ್ಪನೊಬ್ಬನು ನಮ್ಮನ್ನು ನೋಡತೊಡಗುತ್ತಾನೆ.

ಈಗಿನ ಕ್ರಮದಲ್ಲಿ ಪ್ರಾಣಿಯು ಚಿತ್ರಕಾರನ ಎದುರಿಗೆ ಬರುವುದೇ ಅಪರೂಪ. ಬಂದರೂ ಅದು ನಿಲ್ಲುವುದುಂಟೆ? ಬೆಕ್ಕಂತೂ ಕುಳಿತಿರೆಂದು ಕೇಳಿಕೊಂಡ ಕ್ಷಣವೇ ಎದ್ದುಹೋಗುವ ಜಾತಿ. ಆದುದರಿಂದ ವಾಟ್ಸ್ಆ್ಯಪಿನಲ್ಲಿ ಬಂದ ಫೋಟೋಗಳೇ ಆಧಾರ. ಮತ್ತು ಈ ವೃತ್ತಿಯ ಅರ್ಧ ಸಂಕಟಗಳ ಮೂಲವೂ ಅವೇ. ಮೊಬೈಲನ್ನು ಮೂತಿಯ ಹತ್ತಿರಕ್ಕೆ ಹಿಡಿದು ತೆಗೆದ ಫೋಟೋದಲ್ಲಿ ಮೂಗು ಬದನೆಕಾಯಿಯಷ್ಟಾಗಿ ಕಿವಿಗಳು ಹಿಂದಕ್ಕೆ ಸರಿದು ಚಿಕ್ಕವಾಗುತ್ತವೆ. ಮನುಷ್ಯನು ನಿಂತು ಮೇಲಿನಿಂದ ತೆಗೆದರೆ ತಲೆ ದೊಡ್ಡದಾಗಿ ಕಾಲುಗಳು ಮೊಟಕಾಗುತ್ತವೆ. ರಾತ್ರಿ ಫ್ಲ್ಯಾಷ್ ಹಾಕಿದರೆ ಕಣ್ಣೇ ಹೋಯಿತು. ನಾಯಿ ಬೆಕ್ಕುಗಳ ಕಣ್ಣಿನ ಹಿಂಭಾಗದಲ್ಲಿ, ಮಂದ ಬೆಳಕಿನಲ್ಲೂ ಕಾಣಲೆಂದು, ಬೆಳಕನ್ನು ಹಿಂದಕ್ಕೆ ತಿರುಗಿಸುವ ಕನ್ನಡಿಯಂಥ ಪದರವೊಂದಿರುವುದರಿಂದ, ಕಂದುಬಣ್ಣದ ಸೌಮ್ಯ ದೃಷ್ಟಿಯಿರಬೇಕಾದೆಡೆಯಲ್ಲಿ ಹಸುರು ಬೆಂಕಿ ಉರಿಯುತ್ತಿರುವುದು. ತಿಳಿದ ಚಿತ್ರಕಾರರು ಅದಕ್ಕಾಗಿಯೇ ಮೊದಲು ಬುದ್ಧಿ ಹೇಳುವರು: ಹಗಲು ಹೊತ್ತು, ಕಿಟಕಿಯ ಪಕ್ಕದಲ್ಲಿ, ನೆಲಕ್ಕೆ ಕುಕ್ಕರಗಾಲಿನಲ್ಲಿ ಕುಳಿತು, ಅದರ ಕಣ್ಣಿನ ಮಟ್ಟದಿಂದ, ತುಸು ದೂರದಿಂದ ತೆಗೆಯಿರಿ, ಒಂದಲ್ಲ, ಹಲವು ಕಳುಹಿಸಿರಿ. ಅದು ನಿದ್ದೆಯಿಂದೆದ್ದಾಗ ಹೇಗೆ, ಗೇಟಿನ ಸದ್ದಾದಾಗ ಹೇಗೆ, ಬೈದಾಗ ಹೇಗೆ ಎಂಬುದನ್ನೂ ಕೇಳಿಕೊಳ್ಳುವರು. ಚೆನ್ನಾಗಿ ಬರೆಯುವವರಲ್ಲಿ ಹೆಚ್ಚಿನವರು ಚೆನ್ನಾಗಿ ಕೇಳಿಸಿಕೊಳ್ಳುವವರು.

ಬರೆವಣಿಗೆ ಕಣ್ಣಿನಿಂದ ಆರಂಭವಾಗುವುದು ರೂಢಿ. ಫೋಟೋದ ಮೇಲೂ ಕಾಗದದ ಮೇಲೂ ಚೌಕಳಿ ಎಳೆದು ಅಳತೆಯನ್ನು ಹೊಂದಿಸಿಕೊಂಡ ಮೇಲೆ, ಮಿಕ್ಕುದನ್ನೆಲ್ಲ ಖಾಲಿ ಬಿಟ್ಟು, ಎರಡು ಕಣ್ಣುಗಳನ್ನು ಪೂರ್ತಿಯಾಗಿ ಮುಗಿಸಿಬಿಡುವರು. ಅವು ಕೆಟ್ಟರೆ ಕಾಗದವನ್ನು ಅಲ್ಲಿಗೇ ಕೈಬಿಡಬಹುದು. ನಾಯಿಯ ಪಾಪೆ ದುಂಡು, ಬೆಕ್ಕಿನದು ಬೆಳಕಿಗೆ ನೆಟ್ಟನೆಯ ಗೀರು, ಕುದುರೆ ಮೇಕೆಗಳದು ಅಡ್ಡಲಾದ ಪಟ್ಟಿ. ಪಾಪೆಯ ಅಂಚಿಗೆ ಆಕಾಶವೋ ಕಿಟಕಿಯೋ ಪ್ರತಿಫಲಿಸಿದ ಒಂದು ಬಿಳಿಯ ಚುಕ್ಕೆಯುಂಟು. ಅದನ್ನು ಬಿಟ್ಟರೆ ಪ್ರಾಣಿಯು ಗಾಜಿನ ಕಣ್ಣಿಟ್ಟ ಬೊಂಬೆಯಾಗುವುದು, ಎರಡು ಕಣ್ಣಿಗೂ ಬೇರೆ ಬೇರೆ ಕಡೆಯಲ್ಲಿಟ್ಟರೆ ಮೆಳ್ಳಗಣ್ಣಾಗುವುದು.

ಅನಂತರ ರೋಮ. ಹೊಸಬರು ಕೂದಲನ್ನು ಒಂದೊಂದಾಗಿ ಎಣಿಸಿ ಬರೆಯಲು ಹೊರಡುವರು. ಪಳಗಿದವರು ಮೊದಲು ಅದು ಹರಿಯುವ ದಿಕ್ಕನ್ನು ನೋಡುವರು. ಮೂಗಿನ ಬಳಿ ಹುಟ್ಟಿದ ಕಿರುರೋಮವು ಹಿಂದಕ್ಕೆ ಹೊರಟು, ಹುಬ್ಬುಗಳ ನಡುವೆ ಕವಲಾಗಿ, ಕೆನ್ನೆಯಲ್ಲಿ ನೀಳವಾಗಿ, ಎದೆಯ ಮೇಲೆ ಸುಳಿಯಾಗಿ ತಿರುಗುತ್ತದೆ. ಈ ಹರಿವು ತಪ್ಪಿದರೆ ಒಳಗಿನ ಎಲುಬೇ ತಪ್ಪಿದಂತೆ ತೋರುವುದು, ಸ್ಟಬ್ಸನು ಹದಿನೆಂಟು ತಿಂಗಳು ಪಟ್ಟ ಪಾಡಿನ ಬೆಲೆ ಆಗ ತಿಳಿಯುವುದು. ಬಣ್ಣದ ಪೆನ್ಸಿಲನ್ನು ಕೂದಲಿನ ಬುಡದಲ್ಲಿ ಒತ್ತಿ, ತುದಿಗೆ ಬರುವಷ್ಟರಲ್ಲಿ ಕೈಯನ್ನು ಹಗುರಾಗಿ ಎತ್ತಿಬಿಡಬೇಕು. ಮೊದಲು ತಿಳಿಬಣ್ಣ, ಅದರ ಮೇಲೆ ಗಾಢ, ಮತ್ತೆ ತಿಳಿ, ಹೀಗೆ ಪದರದ ಮೇಲೆ ಪದರ. ಬಿಳಿಯ ಮೀಸೆಗಳ ಉಪಾಯ ನನಗೆ ಬಹಳ ಸೊಗಸಾಗಿ ಕಂಡಿತು: ಬಣ್ಣ ಹಾಕುವುದಕ್ಕೆ ಮುಂಚೆಯೇ, ಮಸಿ ತೀರಿದ ಪೆನ್ನಿನಿಂದಲೋ ಮೊಂಡು ಸೂಜಿಯಿಂದಲೋ ಕಾಗದದ ಮೇಲೆ ಮೀಸೆಗಳನ್ನು ಒತ್ತಿ ಗೀರಿಡುವರು, ಆಮೇಲೆ ಪೆನ್ಸಿಲು ಅದರ ಮೇಲೆ ಹಾದುಹೋದಾಗ ಬಣ್ಣವು ತಗ್ಗಿಗೆ ಇಳಿಯದೆ, ಕಪ್ಪಿನ ನಡುವೆ ಬೆಳ್ಳನೆಯ ಎಳೆಗಳು ತಾವಾಗಿಯೇ ಎದ್ದುಬರುವುವು.

ಕಪ್ಪು ನಾಯಿಯನ್ನು ಕಪ್ಪು ಬಣ್ಣದಿಂದ ಬರೆಯಲಾಗದೆಂಬುದು ಈ ವೃತ್ತಿಯ ಇನ್ನೊಂದು ಪಾಠ. ಕರಿಯನ ಬೆನ್ನಿನ ಮೇಲೆ ಆಕಾಶದ ನೀಲಿ ಬಿದ್ದಿರುತ್ತದೆ, ಬಿಸಿಲಿಗೆ ಬಂದಾಗ ಕಿವಿಯ ಅಂಚು ಕಂದಾಗುತ್ತದೆ. ಅಪ್ಪಟ ಕಪ್ಪಿಗೆ ಉಳಿಯುವುದು ಮೂಗಿನ ಹೊಳ್ಳೆ, ಬಾಯಿಯ ಸಂದು, ಅಷ್ಟೆ. ಬಿಳಿಯ ಬೆಕ್ಕಿನ ಕಥೆಯೂ ಇದೇ, ತಿರುಗುಮುರುಗಾಗಿ: ಕಾಗದದ ಬಿಳುಪನ್ನು ಹಾಗೆಯೇ ಉಳಿಸಿ, ನೆರಳನ್ನು ಬೂದು, ನೀಲಿ, ನಸುಹಳದಿಗಳಲ್ಲಿ ಬರೆದರೆ ಬೆಕ್ಕು ಬಿಳಿಯದಾಗುವುದು.

ಬೆಕ್ಕಿನ ಮಾತು ಬಂದುದರಿಂದ ಕಾರ್ಲ್ ಕಾಲರನನ್ನು ನೆನೆಯದೆ ಮುಂದೆ ಹೋಗಲಾಗದು. ಆಸ್ಟ್ರಿಯದ ಈ ಚಿತ್ರಕಾರನು ಅಮೆರಿಕದ ಸಾನ್‌ಫ್ರಾನ್ಸಿಸ್ಕೋಗೆ ಬಂದಿದ್ದಾಗ ಕೇಟ್ ಬರ್ಡ್‌ಸಾಲ್ ಜಾನ್ಸನ್ ಎಂಬ ಶ್ರೀಮಂತೆ ತನ್ನ ಬೆಕ್ಕುಗಳ ಚಿತ್ರವನ್ನು ಬರೆದುಕೊಡಬೇಕೆಂದು ಕೇಳಿದಳು. ಅವನು ಅದುವರೆಗೆ ಬೆಕ್ಕನ್ನು ಬರೆದವನೇ ಅಲ್ಲ. ಸುಮಾರು ಮೂರು ವರ್ಷ ಆ ಬೆಕ್ಕುಗಳ ನಡೆನುಡಿಗಳನ್ನು ಅಭ್ಯಾಸಮಾಡಿ, ಆರು ಅಡಿ ಎತ್ತರ ಎಂಟೂವರೆ ಅಡಿ ಅಗಲದ ಒಂದೇ ಪಟದಲ್ಲಿ 42 ಬೆಕ್ಕುಗಳನ್ನು ಕೂರಿಸಿ 1893ರಲ್ಲಿ ಮುಗಿಸಿದನು. ‘ನನ್ನ ಹೆಂಡತಿಯ ಪ್ರಿಯಕರರು’ ಎಂಬ ಅದರ ಹೆಸರು ಅವಳ ಗಂಡನು ಇಟ್ಟದ್ದೆಂದು ಪ್ರತೀತಿ. ಆ ಬಡಪಾಯಿಯ ಸಹನೆಯ ಪರಿಮಾಣವನ್ನು ಓದುಗರೇ ಊಹಿಸಿಕೊಳ್ಳಲಿ. 2015ರಲ್ಲಿ ಅದು ನ್ಯೂಯಾರ್ಕಿನ ಹರಾಜಿನಲ್ಲಿ 8,26,000 ಡಾಲರಿಗೆ ಹೋಯಿತು.

ಚಿತ್ರ ಬೇಕೆಂದು ಬರುವವರಲ್ಲಿ ಅನೇಕರು ಪ್ರಾಣಿಯನ್ನು ಕಳೆದುಕೊಂಡ ಮೇಲೆಯೇ ಬರುವರು. ಇಂಗ್ಲೆಂಡಿನ ಏಳನೆಯ ಎಡ್ವರ್ಡನು 1910ರಲ್ಲಿ ತೀರಿಕೊಂಡಾಗ ಅವನ ಟೆರಿಯರ್ ನಾಯಿ ಸೀಸರನ್ನು ಶವಯಾತ್ರೆಯಲ್ಲಿ ಪೆಟ್ಟಿಗೆಯ ಹಿಂದೆಯೇ ನಡೆಸಿಕೊಂಡು ಹೋದರು. ಮಾಡ್ ಅರ್ಲ್ ಎಂಬ ಚಿತ್ರಕಾರ್ತಿಯು ಆ ವರ್ಷವೇ ಸೀಸರನು ಬರಿದಾದ ಕುರ್ಚಿಗೆ ತಲೆಯಾನಿಸಿ ನಿಂತಿರುವಂತೆ ಬರೆದಳು. ಅಲ್ಲಿ ಹೋದವನು ಒಡೆಯ, ಉಳಿದದ್ದು ನಾಯಿ. ನಮ್ಮ ಮನೆಗಳಲ್ಲಿ ನಡೆಯುವುದು ಇದಕ್ಕೆ ವಿಪರ್ಯಯ. ಇದ್ದಾಗ ಯಾರೂ ಮನಸ್ಸಿಟ್ಟು ಫೋಟೋ ತೆಗೆಯಲಿಲ್ಲ. ಇರುವುದು ಮಗಳ ಹುಟ್ಟುಹಬ್ಬದ ಫೋಟೋದ ಮೂಲೆಯಲ್ಲಿ ಅರ್ಧ ಕತ್ತರಿಸಿಹೋದ ಮುಖ, ಸೋಫಾದ ಕೆಳಗಿನಿಂದ ಇಣುಕಿದ ಕಣ್ಣು, ಮುಪ್ಪಿನಲ್ಲಿ ಪಾಪೆ ಮಂಜಾಗಿ ಮೂತಿ ನರೆತ ಮೇಲಿನ ಒಂದೆರಡು. ಒಂದರಿಂದ ಕಿವಿಯನ್ನೂ ಇನ್ನೊಂದರಿಂದ ಬಾಯಿಯನ್ನೂ ತೆಗೆದುಕೊಂಡು, ಬೇರೆ ಬೇರೆ ದಿಕ್ಕಿನಿಂದ ಬಿದ್ದ ಬೆಳಕನ್ನು ಒಂದೇ ದಿಕ್ಕಿಗೆ ಹೊಂದಿಸಿ, ಎಲ್ಲಿಯೂ ಇಲ್ಲದ ಒಂದು ಕ್ಷಣವನ್ನು ಕಟ್ಟಬೇಕು. ನರೆಯನ್ನು ಬಿಡಲೋ ಇಡಲೋ ಎಂಬ ಪ್ರಶ್ನೆಯೂ ಬರುವುದು. ಯಜಮಾನರು ಎಳೆಯ ಮುಖವೇ ಬೇಕೆನ್ನುವರು; ಕೊನೆಯ ವರ್ಷಗಳಲ್ಲಿ ಅನ್ನ ಕಲಸಿ ತಿನ್ನಿಸಿದ ಮನೆಯಾಕೆಗೆ ನರೆತ ಮೂತಿಯೇ ಅದರ ಮೂತಿ. ಇಂಥಲ್ಲಿ ಚಿತ್ರಕಾರನು ಯಾರ ಪಕ್ಷವನ್ನೂ ವಹಿಸದೆ, ಮನೆಯವರು ತಮ್ಮಲ್ಲೇ ಮಾತಾಡಿಕೊಂಡು ಬರುವವರೆಗೆ ಪೆನ್ಸಿಲು ಮುಟ್ಟದಿರುವುದು ಕ್ಷೇಮ.

ನಾಯಿಯ ತಲೆಯನ್ನು ಸೇನಾಪತಿಯ ಪೋಷಾಕಿನ ಮೇಲೆ ಅಂಟಿಸಿಕೊಡುವ ಈಚಿನ ಷೋಕಿಯ ವಿಷಯದಲ್ಲಿ ನನಗೆ ಹೆಚ್ಚು ಹೇಳುವುದಕ್ಕಿಲ್ಲ. ಬೆರಳೊತ್ತಿದೊಡನೆ ಫೋಟೋವನ್ನು ತೈಲಚಿತ್ರದಂತೆ ಮಾಡಿಕೊಡುವ ಮೊಬೈಲಿನ ಮಾಯೆಯ ವಿಷಯದಲ್ಲಿಯೂ ಇಲ್ಲ. ಅವುಗಳಲ್ಲಿ ಕೇಳಿಸಿಕೊಳ್ಳುವವನು ಯಾರೂ ಇಲ್ಲ.

ಆದರೆ ನಾನು ಇಷ್ಟು ಹೊತ್ತು ಹೊಗಳಿದ ನೈಪುಣ್ಯವನ್ನೆಲ್ಲ ಪಕ್ಕಕ್ಕೆ ಸರಿಸುವ ಒಂದು ಪ್ರಸಂಗವನ್ನು ಹೇಳದಿದ್ದರೆ ನ್ಯಾಯವಾಗದು. 2020ರಲ್ಲಿ ಇಂಗ್ಲೆಂಡಿನ ವರ್ದಿಂಗ್ ಎಂಬ ಕಡಲತೀರದ ಊರಿನಲ್ಲಿ ಫಿಲ್ ಹೆಕಲ್ಸ್ ಎಂಬಾತನು, ಚಿತ್ರಕಲೆಯನ್ನು ಕಲಿಯದವನು, ತನ್ನ ಮನೆಯ ನಾಯಿಯನ್ನು ಮಕ್ಕಳು ಗೀಚುವುದಕ್ಕಿಂತ ಮಿಗಿಲಿಲ್ಲದಂತೆ ಗೀಚಿ, ಮಾರಾಟಕ್ಕಿದೆಯೆಂದು ತಮಾಷೆಗೆ ಪ್ರಕಟಿಸಿದನು. ಜನರು ನಕ್ಕು ಸುಮ್ಮನಾಗಲಿಲ್ಲ. ನಮ್ಮ ನಾಯಿಯದೂ ಬರೆದುಕೊಡಿ, ನಮ್ಮ ಬೆಕ್ಕಿನದೂ ಬರೆದುಕೊಡಿ ಎಂದು ಸಾಲುಗಟ್ಟಿದರು. ಕಾಲುಗಳು ಎಲ್ಲಿಂದಲೋ ಹೊರಟು ಎಲ್ಲಿಗೋ ಹೋಗುವ, ಕಣ್ಣುಗಳೆರಡೂ ಒಂದೇ ಕಡೆಗೆ ಸೇರಿಕೊಂಡ ಆ ಚಿತ್ರಗಳನ್ನು ಅವರು ಸಂತೋಷದಿಂದ ಸ್ವೀಕರಿಸಿ, ತಮ್ಮ ಪ್ರಾಣಿಯ ಫೋಟೋದ ಪಕ್ಕದಲ್ಲಿಯೇ ಇಟ್ಟು ಮಂದಿಗೆ ತೋರಿಸಿದರು. ಅಲ್ಲಿ ಹೋಲಿಕೆ ಚಿತ್ರಕಾರನ ಹೊಣೆಯಾಗಿರಲಿಲ್ಲ. ಅದನ್ನು ಒಡೆಯರು ತಮ್ಮ ಮನಸ್ಸಿನಲ್ಲಿ ಇಟ್ಟುಕೊಂಡೇ ಬಂದಿದ್ದರು, ಆದ್ದರಿಂದಲೇ ಅವರಿಗೆ ಅಷ್ಟು ನಗು ಬಂದಿತು. ಆತಕೂರಿನ ಶಿಲ್ಪಿಗೆ ಅಕ್ಷರ ಒದಗಿದಂತೆ ಈತನಿಗೆ ಅವರ ನೆನಪು ಒದಗಿತೆನ್ನಬೇಕು. ಹೆಕಲ್ಸನು ಚಿತ್ರಕ್ಕೆ ಬೆಲೆ ಕಟ್ಟದೆ, ಕೊಡುವುದಿದ್ದರೆ ಊರಿನ ನಿರ್ಗತಿಕರಿಗೆ ನೆರವಾಗುವ ಸಂಸ್ಥೆಗೆ ಕೊಡಿರೆಂದು ಕೇಳಿಕೊಂಡನು. ಕೂಡಿದ ಹಣ ಒಂದು ಲಕ್ಷ ಪೌಂಡನ್ನು ಮೀರಿತು.